ಎರಡನೇ ದರ್ಜೆ ಇಲ್ಲದ ರೈಲು

"ಆ ಗುಬ್ಬಚ್ಚಿ ಬರೆದಿದ್ದು ಯಾರು?"

ಬ್ಯೂಟಿ ಪಾರ್ಲರಿನ ಬಾಗಿಲನ್ನು ದಡಾರನೆ ತಳ್ಳಿಕೊಂಡು ಒಳಬಂದ ಗಂಡಸೊಬ್ಬ ಹೀಗೆ ಕೇಳಿದಾಗ, ಒಳಗಿದ್ದ ಹೆಂಗಸರೆಲ್ಲ ಒಟ್ಟಿಗೇ ಕಿರುಚಿದರು. ಮುಖಕ್ಕೆ ಲೇಪ ಹಚ್ಚಿಸಿಕೊಂಡು ಮಲಗಿದ್ದವಳು ಟವೆಲ್ ಎಳೆದುಕೊಂಡಳು. ಕೂದಲಿಗೆ ಬಣ್ಣ ಹಾಕಿಸಿಕೊಳ್ಳುತ್ತಿದ್ದವಳು ಕುರ್ಚಿಯ ಹಿಂದೆ ಕುಕ್ಕರಿಸಿದಳು.

ಅಂಗಡಿಯ ಒಡತಿ ಪಾರ್ಲರ್ ಅಕ್ಕ, ಬಣ್ಣ ತೊಟ್ಟಿಕ್ಕುತ್ತಿದ್ದ ಬ್ರಷ್ಷನ್ನು ಕತ್ತಿಯಂತೆ ಚಾಚಿದಳು.

"ಏನ್ರೀ, ಕಣ್ಣು ಕಾಣಲ್ವಾ? ಬಾಗಿಲ ಮೇಲೆ ಇಷ್ಟುದ್ದ ಬರೆದಿದೆ, ಗಂಡಸರಿಗೆ ಪ್ರವೇಶವಿಲ್ಲ ಅಂತ!"

"ಕ್ಷಮಿಸಿ... ಓದಲಿಲ್ಲ. ಪಕ್ಕದ ಹಲ್ಲಿನ ಆಸ್ಪತ್ರೆಯಲ್ಲಿ ಕಟ್ಟಿಸಿಕೊಳ್ಳೋ ಹಲ್ಲು ಮಾಡೋನು ನಾನು. ಈಗಷ್ಟೇ ಒಬ್ಬರು ಅಜ್ಜಿ ಬಂದಿದ್ದರು. ಅವರ ಹೆಬ್ಬೆರಳಿನ ಉಗುರಿನ ಮೇಲೆ ಒಂದು ಗುಬ್ಬಚ್ಚಿ. ಆ ಗುಬ್ಬಚ್ಚಿಗೆ ಕಣ್ಣು. ಆ ಕಣ್ಣೊಳಗೆ ಬೆಳಕಿನ ಚುಕ್ಕಿ! ಯಾರು ಬರೆದಿದ್ದು?"

ಎಲ್ಲರ ಕಣ್ಣೂ ಮೂಲೆಯ ಪುಟ್ಟ ಮೇಜಿನ ಕಡೆ ತಿರುಗಿದವು.

ಅಲ್ಲಿ ಹವಳದ ಬಣ್ಣದ ಏಪ್ರನ್ ತೊಟ್ಟು, ಜಡೆಯನ್ನು ಎಡ ಹೆಗಲ ಮೇಲೆ ಎಳೆದುಕೊಂಡು ಅವಳು ಕೂತಿದ್ದಳು. ಉಗುರಿನ ಮೇಲೆ ಚುಕ್ಕಿಯಿಟ್ಟು ಚಿತ್ರ ಬರೆಯುವವಳು. ಅದಕ್ಕೇ ಎಲ್ಲರಿಗೂ ಅವಳು ಚುಕ್ಕಿ.

'ಜಗಳಕ್ಕೇ ಬಂದಿದ್ದಾನೆ...' ಎಂದುಕೊಂಡಳು.

"ನಾನೇ. ಏನಾಯ್ತು? ಅಜ್ಜಿಗೆ ಉಗುರು ಉರಿ ಶುರುವಾಯ್ತಾ?"

ಅವನು ಹತ್ತಿರ ಬಂದ. ಅವಳ ಮುಖ ನೋಡಲೇ ಇಲ್ಲ! ನೋಡಿದ್ದು ಅವಳ ಬೆರಳುಗಳನ್ನು.

"ಎಡಗೈಯಲ್ಲಿ ಬರೀತೀರಾ?"

"ಹೌದು. ಏನೀಗ?"

ಅವನು ಜೇಬಿನಿಂದ ಹಲ್ಲಿನ ಸೆಟ್ಟು ಇಡುವ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟ. "ಅಯ್ಯಪ್ಪಾ, ಬೇಡ ಬೇಡ!" ಎಂದು ಲೇಪದವಳು ಕಣ್ಣು ಮುಚ್ಚಿಕೊಂಡಳು.

ಮುಚ್ಚಳ ತೆರೆಯಿತು. ಒಳಗೆ ಹತ್ತಿಯ ಮೇಲೆ ಮಲಗಿತ್ತು ಒಂದು ರೈಲು ಡಬ್ಬಿ!

ಬೆರಳುದ್ದ. ಬಾಗಿಲು, ಬಾಗಿಲಿಗೆ ಹಿಡಿ. ಕಿಟಕಿ, ಕಿಟಕಿಗೆ ಅಡ್ಡಪಟ್ಟಿ. ಛಾವಣಿಯ ಮೇಲೆ ಸಾಸಿವೆ ಕಾಳಿನಷ್ಟು ಗಾಳಿಗೂಡುಗಳು. ಎಲ್ಲ ಇತ್ತು, ಅಕ್ಷರ ಮಾತ್ರ ಇರಲಿಲ್ಲ. ಮಾತು ಬಾರದ ಮಗುವಿನ ಹಾಗೆ ಅದು ಚುಕ್ಕಿಯನ್ನೇ ನೋಡುತ್ತಿದ್ದಂತಿತ್ತು.

"ಇದಕ್ಕೆ ಅಕ್ಷರ ಬರೆದುಕೊಡ್ತೀರಾ?"

ಆಗ ಅವನು ಮೊದಲ ಸಲ ತಲೆಯೆತ್ತಿದ. ಅವಳ ಮುಖಕ್ಕೆ ಬಂದ ನೋಟ ಮುಂದಕ್ಕೆ ಹೋಗುವುದನ್ನು ಮರೆತು ಅಲ್ಲೇ ನಿಂತುಬಿಟ್ಟಿತು...

ಅವನು ಹೋದ ಮೇಲೆ ಪಾರ್ಲರ್ ಅಕ್ಕ ನಕ್ಕಳು. "ಹಲ್ಲಪ್ಪ ಗುಬ್ಬಚ್ಚಿ ಹುಡುಕ್ಕೊಂಡು ಬಂದ. ಗುಬ್ಬಚ್ಚಿ ಯಾಕೋ ಕೆಂಪಾಗಿದೆ!"

"ಸುಮ್ನಿರಕ್ಕಾ!"

* * *

ಪಾರ್ಲರ್ ಮುಚ್ಚಿದ ಮೇಲೆ ಸಂಜೆಯ ಹೊತ್ತು ಚುಕ್ಕಿ ಅವನ ಕೆಲಸದ ಕೋಣೆಗೆ ಹೋಗತೊಡಗಿದಳು.

ಗೋಡೆಯುದ್ದಕ್ಕೂ ಹಲಗೆಗಳ ಮೇಲೆ ಸುಣ್ಣದಂತೆ ಬಿಳುಪಾದ ಅಚ್ಚಿನ ದವಡೆಗಳು. ಬಿಸಿ ಮೇಣದ ವಾಸನೆ. ಹಲ್ಲು ಕೊರೆಯುವ ಸಣ್ಣ ಯಂತ್ರದಲ್ಲೇ ಅವನು ಹಿತ್ತಾಳೆ ತಗಡು ಕೊರೆದು ರೈಲಿನ ಕಿಟಕಿ ಮಾಡುತ್ತಿದ್ದ. ದವಡೆಗಳೆಲ್ಲ ಬಾಯಿ ತೆರೆದುಕೊಂಡು ಅದನ್ನೇ ನೋಡುತ್ತಿದ್ದವು.

ಊರಿನ ಮೂಲಕ ಹಿಂದೆ ಓಡುತ್ತಿದ್ದ ಸಂಜೆ ಪ್ಯಾಸೆಂಜರ್ ಅದು. ಹಳಿ ಕಿತ್ತು ಎಷ್ಟೋ ಕಾಲವಾಗಿತ್ತು. ಹಳೇ ಸ್ಟೇಷನ್ನಿನ ಕಾಯುವ ಕೋಣೆ ಈಗ ವಾಚನಾಲಯ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿಡಲು, ನಿಜವಾದ ರೈಲಿನ ನೂರ ಅರವತ್ತರಲ್ಲೊಂದು ಪಾಲಿನಷ್ಟು ಗಾತ್ರದಲ್ಲಿ, ಅವನು ಆ ಇಡೀ ರೈಲನ್ನು ಜೋಡಿಸುತ್ತಿದ್ದ. ಆ ರೈಲಿಗೆ ಗಾರ್ಡ್ ಆಗಿದ್ದವರು ಅವನ ಸೋದರಮಾವ; ಅವರು ಕೆಲಸಕ್ಕೆ ಸೇರಿದ ವರ್ಷ ರೈಲು ಹೇಗಿತ್ತೋ ಇದೂ ಹಾಗೇ ಇರಬೇಕು. ತಾಯಿ ತಂದೆ ಇಲ್ಲದ ಅವನನ್ನು ಎತ್ತಿ ಬೆಳೆಸಿದವರು. ಈಗ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು, ಭೂತಗನ್ನಡಿ ಹಿಡಿದು, ತಪ್ಪು ಹುಡುಕುವುದೇ ಅವರ ಕೆಲಸ.

"ಈ ದೀಪ ಇಲ್ಲಿ ಯಾಕಯ್ಯ ಬಂತು? ಆ ವರ್ಷ ಇರಲಿಲ್ಲ. ತೆಗಿ!"

ಹೀಗೆಂದರೆ ಮುಗಿಯಿತು. ಎಷ್ಟು ಚೆಂದವಿದ್ದರೂ ಸರಿ, ಅವನು ಮರುಮಾತಿಲ್ಲದೆ ಕಿತ್ತುಹಾಕುತ್ತಿದ್ದ. ಆ ವರ್ಷ ಇದ್ದದ್ದು ಬಿಟ್ಟು ಬೇರೆ ಯಾವುದಕ್ಕೂ ಆ ರೈಲಿನಲ್ಲಿ ಜಾಗವಿರಲಿಲ್ಲ.

ಅಕ್ಷರ ಬರೆಯಲು ಚುಕ್ಕಿ ಬ್ರಷ್ಷಿನ ಕೂದಲನ್ನೆಲ್ಲ ಕತ್ತರಿಸಿ ಒಂದೇ ಎಳೆ ಉಳಿಸಿಕೊಂಡಳು. ಉಸಿರು ಹಿಡಿದು ಒಂದು ಗೆರೆ; ಉಸಿರು ಬಿಟ್ಟು, ಮತ್ತೆ ಹಿಡಿದು ಇನ್ನೊಂದು. ಅವಳು ಉಸಿರು ಹಿಡಿದರೆ ಪಕ್ಕದಲ್ಲಿ ಅವನೂ ಹಿಡಿಯುತ್ತಿದ್ದ. ಅದು ಅವನಿಗೆ ಗೊತ್ತೇ ಇರಲಿಲ್ಲ. ಅವಳಿಗೆ ಗೊತ್ತಿತ್ತು...

ಅವಳು ಅಲ್ಲಿಗೆ ಹೋದ ಮೊದಲ ದಿನವೇ ಅವನು ಹೇಳಿದ್ದ: "ಬಾಗಿಲಿಗೆ ದರ್ಜೆಯ ಅಂಕಿ ಬರೀಬೇಕು. ಈ ಡಬ್ಬಿಗೆ ಒಂದು. ಬಾಕಿ ಎಲ್ಲಕ್ಕೂ ಮೂರು."

"ಎರಡು?"

"ಎರಡು ಇಲ್ಲ."

"ಅದೆಂಥಾ ಲೆಕ್ಕರೀ? ಒಂದಾದ ಮೇಲೆ ಮೂರಾ?"

"ಮೊದಲು ಇತ್ತಂತೆ. ಆಮೇಲೆ ಎರಡನೇ ದರ್ಜೆ ತೆಗೆದುಹಾಕಿದರು. ಆದ್ರೆ ಮೂರನ್ನ ಅಳಿಸಿ ಎರಡು ಅಂತ ಬರೆಯೋಕೆ ಯಾರಿಗೂ ಪುರುಸೊತ್ತಾಗಲಿಲ್ಲ. ಈ ರೈಲಿನಲ್ಲಿ ಎರಡನೆಯವರು ಅಂತ ಯಾರೂ ಇಲ್ಲ, ನೋಡಿ."

ಅವಳು ನಕ್ಕಳು. ಅವನೂ ನಕ್ಕ. ಕಾಲ ಅಲ್ಲೇ ನಿಲ್ಲಬಾರದಿತ್ತೇ!

* * *

ನಿಲ್ಲಲಿಲ್ಲ. ಫೋಟೋದವಳು ಬಂದಳು.

ಅವಳದು ಮುಖ್ಯ ರಸ್ತೆಯಲ್ಲಿ ಅಪ್ಪನ ಕಾಲದ ಸ್ಟುಡಿಯೋ. ಆ ರೈಲಿನ ಹಳೇ ನೆಗೆಟಿವ್‌ಗಳು ಅವಳ ಬಳಿ ಇದ್ದವು. ಕುತ್ತಿಗೆಯವರೆಗೆ ಕತ್ತರಿಸಿದ ಕೂದಲು, ಕೋಣೆ ತುಂಬುವ ನಗು. ಬಂದವಳೇ ಅವನ ಬೆನ್ನಿಗೊಂದು ಗುದ್ದು ಕೊಟ್ಟಳು.

"ಏನೋ, ಬದುಕಿದೀಯಾ?"

"ಬಾರೇ, ಬಾ! ನಿನ್ನನ್ನೇ ಕಾಯ್ತಾ ಇದ್ದೆ!"

ಚುಕ್ಕಿಯ ಬ್ರಷ್ಷು ತಟ್ಟನೆ ನಿಂತಿತು.

'ನಿನ್ನನ್ನೇ... ಅವಳಿಗೆ ನೀನು. ನನಗೆ?'

ಇಷ್ಟು ದಿನವಾದರೂ ಅವನು ಅವಳನ್ನು ಒಂದು ಸಲವೂ 'ನೀನು' ಎಂದಿರಲಿಲ್ಲ. ಬನ್ನಿ, ಕೂತ್ಕೊಳ್ಳಿ, ಕಣ್ಣು ನೋವಾಗ್ತಿದೆಯಾ ನಿಮಗೆ... ಆ 'ನೀವು' ಎಂಬ ಮಾತು ಅವಳಿಗೆ ಈವರೆಗೆ ಮೆತ್ತನೆಯ ಶಾಲಿನಂತೆ ಹಿತವಾಗಿತ್ತು. ಈಗ ಅದೇ ಮಾತು ತನ್ನನ್ನು ಹೊಸಿಲಾಚೆ ನಿಲ್ಲಿಸಿ ಬಾಗಿಲು ಹಾಕಿದ ಹಾಗೆ ಕೇಳಿತು.

ಇಬ್ಬರೂ ನೆಗೆಟಿವ್ ಹಿಡಿದು ದೀಪದ ಪೆಟ್ಟಿಗೆಯ ಮೇಲೆ ಬಗ್ಗಿದರು. ತಲೆಗೆ ತಲೆ ತಾಗುವಷ್ಟು ಹತ್ತಿರ! ಅದೇನೋ ಪಿಸುಮಾತು, ಅದೇನೋ ನಗು. ಆಮೇಲೆ ಅವನು ಕಿಟಕಿಯ ಬಳಿ ಬಟ್ಟೆ ಮುಚ್ಚಿಟ್ಟಿದ್ದ ಮೊದಲನೇ ದರ್ಜೆಯ ಡಬ್ಬಿಯನ್ನು ತಂದು, ಬಟ್ಟೆ ಸರಿಸಿ ಅವಳಿಗೆ ತೋರಿಸಿದ.

ಹಿಂದಿನ ದಿನ ಚುಕ್ಕಿ ಆ ಬಟ್ಟೆಗೆ ಕೈ ಹಾಕಿದಾಗ ಅವನು ಹೇಗೆ ಹಾರಿ ಬಂದಿದ್ದ! "ಅದೊಂದು ಬೇಡ! ಅದನ್ನ ನೀವು ಈಗ ನೋಡಬಾರದು" ಎಂದಿದ್ದ.

'ನಾನು ನೋಡಬಾರದ್ದು, ಅವಳು ನೋಡಬಹುದು.'

ಮತ್ಸರವೆಂಬುದು ಮೊದಲು ಬೆಂಕಿಯಂತೆ ಬರುವುದಿಲ್ಲ. ಕಣ್ಣಿಗೆ ಬಿದ್ದ ದೂಳಿನಂತೆ ಬರುತ್ತದೆ. ಇಷ್ಟೇ ಇಷ್ಟಿರುತ್ತದೆ, ಆದರೆ ಅದೊಂದನ್ನು ಬಿಟ್ಟು ಬೇರೇನೂ ಕಾಣಿಸುವುದಿಲ್ಲ.

* * *

ಅದು ಸಾಲದೆಂಬಂತೆ ಫೋಟೋದವಳು ಒಂದು ಮಧ್ಯಾಹ್ನ ಪಾರ್ಲರಿಗೇ ಬಂದು, ಚುಕ್ಕಿಯ ಎದುರು ಕೂತು, ಎರಡೂ ಕೈ ಚಾಚಿದಳು.

"ಉಗುರಿಗೆ ಬಣ್ಣ ಹಾಕ್ತೀರಾ?"

ಇಲ್ಲ ಎನ್ನುವ ಹಾಗಿರಲಿಲ್ಲ. ಚುಕ್ಕಿ ಆ ಕೈ ಹಿಡಿದುಕೊಂಡಳು. ಬೆಚ್ಚಗಿನ, ಮೃದುವಾದ ಕೈ. ಅದೂ ಸಿಟ್ಟು ತರಿಸಿತು!

'ದೇವರೇ, ನನ್ನ ಕೈ ನಡುಗದಿರಲಿ. ನಡುಗಲೇಬೇಕಿದ್ರೆ ಇವಳ ಉಗುರಿನ ಮೇಲೇ ನಡುಗಲಿ!'

"ಯಾವ ಬಣ್ಣ?"

"ನಿಮ್ಮ ಏಪ್ರನ್ ಬಣ್ಣ. ತೀರಾ ಅದೇ ಆಗಬೇಕು."

"ನನ್ನ ಏಪ್ರನ್ ಬಣ್ಣ ಯಾಕೆ?"

"ಚೆನ್ನಾಗಿದೆಯಲ್ಲ, ಅದಕ್ಕೆ." ಫೋಟೋದವಳು ಕತ್ತು ವಾಲಿಸಿ ಅವಳನ್ನು ಪಕ್ಕದಿಂದ ನೋಡಿದಳು. ಆಮೇಲೆ ಇನ್ನೊಂದು ಪಕ್ಕದಿಂದ. "ಜಡೆ ಯಾವಾಗ್ಲೂ ಎಡಗಡೆನೇ ಬಿಡ್ತೀರಾ?"

"ಹೂಂ."

"ಕೆಲಸ ಮಾಡುವಾಗ ಕೆಳತುಟಿ ಕಚ್ಚಿಕೊಳ್ತೀರಿ, ಗೊತ್ತಾ?"

'ಅಳೆಯುತ್ತಿದ್ದಾಳೆ! ತನಗೂ ನನಗೂ ಎಷ್ಟು ವ್ಯತ್ಯಾಸ ಅಂತ ಅಳೆದು ನೋಡೋಕೆ ಬಂದಿದ್ದಾಳೆ!'

ಆದರೂ ಚುಕ್ಕಿ ಕೆಲಸ ಕೆಡಿಸಲಿಲ್ಲ. ಹತ್ತೂ ಉಗುರು ಹವಳದ ಹರಳಿನಂತೆ ಮಿಂಚಿದವು. ಫೋಟೋದವಳು ಹೋದ ಮೇಲೆ ಪಾರ್ಲರ್ ಅಕ್ಕ ಬಳಿ ಬಂದಳು.

"ಯಾಕೇ, ಮುಖ ಹುಳಿ ಮಜ್ಜಿಗೆ ಕುಡಿದ ಹಾಗಿದೆ?"

"ಏನಿಲ್ಲ ಅಕ್ಕ... ಬಣ್ಣದ ವಾಸನೆ."

"ಇಷ್ಟು ವರ್ಷ ಬರದ ವಾಸನೆ ಇವತ್ತು ಬಂತಾ?"

* * *

ಮರುದಿನ ಸಂಜೆ ಚುಕ್ಕಿ ಸ್ವಲ್ಪ ಬೇಗನೇ ಹೊರಟಳು. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೆಜ್ಜೆಯಿಡಬೇಕು...

ದೀಪದ ಕೆಳಗೆ ಅವನು ಫೋಟೋದವಳ ಕೈ ಹಿಡಿದುಕೊಂಡು ಕೂತಿದ್ದ!

ಒಂದೊಂದೇ ಬೆರಳನ್ನು ಬೆಳಕಿಗೆ ತಿರುಗಿಸಿ ಮೈಮರೆತು ನೋಡುತ್ತಿದ್ದ. ಚುಕ್ಕಿ ತನ್ನ ಕೈಯಾರೆ ಬಣ್ಣ ಹಚ್ಚಿದ ಬೆರಳುಗಳನ್ನು!

"ಇದೇ... ಇದೇ ಕಣೇ! ಎಷ್ಟು ದಿನದಿಂದ ಇದಕ್ಕೇ ಒದ್ದಾಡ್ತಿದ್ದೆ. ನೀನು ಇಲ್ಲದಿದ್ರೆ ಏನ್ ಮಾಡ್ತಿದ್ನೋ!"

"ಹೇಳಿಬಿಡೋ ಇನ್ನಾದರೂ. ಎಷ್ಟು ದಿನ ಮುಚ್ಚಿಡ್ತೀಯಾ?"

"ಸ್ಟೇಷನ್ನಿನಲ್ಲಿ ರೈಲು ಇಡೋ ದಿನ ಹೇಳ್ತೀನಿ. ಅಲ್ಲೀತನಕ ಚುಕ್ಕಿಗೆ ಮಾತ್ರ ಗೊತ್ತಾಗಬಾರದು!"

ಚುಕ್ಕಿ ಗೋಡೆ ಹಿಡಿದು ನಿಂತಳು. ಬೇಕೆಂದೇ ಕಾಲಿನ ಸದ್ದು ಮಾಡಿ ಒಳಹೊಕ್ಕಾಗ ಅವನು ಬೆಚ್ಚಿ ಕೈ ಬಿಟ್ಟ. ಫೋಟೋದವಳು ನಗು ತಡೆದುಕೊಂಡು ಹೊರಟುಹೋದಳು.

"ಬನ್ನಿ, ಬನ್ನಿ... ಕೊನೇ ಡಬ್ಬಿ ಸಿದ್ಧವಾಗಿದೆ. ನೀವು ಅಂಕಿ ಬರೆದರೆ ಮುಗೀತು."

ಬನ್ನಿ. ನೀವು.

ಚುಕ್ಕಿ ಕೂತಳು. ಬ್ರಷ್ಷು ಅದ್ದಿದಳು. ಉಸಿರು ಹಿಡಿದಳು.

'ಅವಳು ಮೊದಲನೆಯವಳು. ನಾನು... ಎರಡನೆಯವಳು. ಅಲ್ಲ, ಎರಡನೆಯವಳೂ ಅಲ್ಲ. ಅಕ್ಷರ ಬರೆಯೋ ಕೈ ಅಷ್ಟೇ.'

ಒಂದು ಬಾಗಿಲಾಯಿತು. ಇನ್ನೊಂದಾಯಿತು. ಕಣ್ಣೀರು ಕಣ್ಣಂಚಿಗೆ ಬಂದು ನಿಂತಿತ್ತು, ಆದರೆ ಕೈ ಮಾತ್ರ ಅಭ್ಯಾಸದಂತೆ ಹೂವು ಕಟ್ಟುವ ಹಾಗೆ ನಡೆದೇ ಇತ್ತು. ಡಬ್ಬಿಯ ಎರಡೂ ಬದಿ ಮುಗಿಸಿ ಮುಂದೆ ತಳ್ಳಿದಳು.

ಗಾರ್ಡ್ ಮಾವ ಭೂತಗನ್ನಡಿ ಹಿಡಿದರು. ಅವರ ಹುಬ್ಬು ಮೇಲೇರಿತು.

"ಏನಮ್ಮಾ ಇದು? ಎಲ್ಲ ಬಾಗಿಲ ಮೇಲೂ ಎರಡು ಅಂತ ಬರೆದಿದೀಯ?"

ಚುಕ್ಕಿ ಬಗ್ಗಿ ನೋಡಿದಳು. ಹೌದು! ಪ್ರತಿ ಬಾಗಿಲ ಮೇಲೂ, ಮುತ್ತು ಪೋಣಿಸಿದಂಥ ಅಂದವಾದ ಎರಡು... ಎರಡು... ಎರಡು.

ಅವನು ಮೆಲ್ಲಗೆ ನಕ್ಕ. "ಪರವಾಗಿಲ್ಲ, ಅಳಿಸೋಣ. ಆದ್ರೆ ಎರಡು ಹೇಗೆ ಬಂತು? ನಾನು ಹೇಳಿದ್ದೆನಲ್ಲ, ಎರಡನೇ ದರ್ಜೆ..."

"ಇಲ್ಲ ಅಂತ ಹೇಳಿದ್ರಿ! ಗೊತ್ತು!" ಅವಳು ಎದ್ದು ನಿಂತಳು. "ನಿಮ್ಮ ರೈಲಿನಲ್ಲಿ ಎರಡನೆಯವರಿಗೆ ಜಾಗವೇ ಇಲ್ಲ ಅಂತ ಮೊದಲ ದಿನವೇ ಹೇಳಿದ್ರಿ. ನನಗೇ ಅರ್ಥವಾಗಲಿಲ್ಲ!"

"ಚುಕ್ಕಿ... ಏನಾಯ್ತು ನಿಮಗೆ?"

"ನೋಡಿ, ಈಗಲೂ ನಿಮಗೆ! ನಿಮಗೆ, ನಿಮ್ಮ, ನೀವು! ಸಾಕು!"

ಬ್ರಷ್ಷನ್ನು ಮೇಜಿನ ಮೇಲಿಟ್ಟು ಹೊರಟೇಹೋದಳು. ಅವನು ಬಾಗಿಲವರೆಗೆ ಓಡಿ ಬಂದ. ಬೀದಿಯ ತಿರುವಿನಲ್ಲಿ ಹವಳದ ಬಣ್ಣವೊಂದು ಮಿಂಚಿ ಮಾಯವಾಯಿತು.

* * *

ಮನೆಯಲ್ಲಿ ಅಮ್ಮ ಹೊಲಿಗೆ ಯಂತ್ರದ ಮುಂದೆ ಕೂತು ತಲೆಯೆತ್ತಿದಳು. "ಬಿಳೀ ಅಂಗಿಗೆ ಕರೀ ದಾರದಲ್ಲಿ ಗುಂಡಿ ಹೊಲಿದಿದೀಯಲ್ಲೇ. ಯಾರ ಮೇಲಿನ ಸಿಟ್ಟು ನನ್ನ ದಾರದ ಮೇಲೆ?"

"ಯಾರ ಮೇಲೂ ಇಲ್ಲಮ್ಮ."

"ಅಂಗಿ ಮೇಲಂತೂ ಇರಲಿಕ್ಕಿಲ್ಲ" ಎಂದು ಅಮ್ಮ ಗುಂಡಿ ಬಿಚ್ಚತೊಡಗಿದಳು.

ಅವನು ಪಾರ್ಲರಿನ ಹೊರಗೆ ಬಂದು ನಿಂತದ್ದುಂಟು. ಚುಕ್ಕಿ ಹೊರಗೆ ಬರಲಿಲ್ಲ. ಅವನೂ ಈ ಸಲ ಫಲಕ ಓದಿದ್ದ, ಒಳಗೆ ಬರಲಿಲ್ಲ. ಅದಕ್ಕೂ ಅವಳಿಗೆ ನೋವಾಯಿತು. 'ಗುಬ್ಬಚ್ಚಿಗಾದ್ರೆ ಬಾಗಿಲು ತಳ್ಳಿಕೊಂಡು ಬಂದ. ನನಗೋಸ್ಕರ ಬರಲಿಲ್ಲ...'

ಸ್ಟೇಷನ್ನಿನಲ್ಲಿ ರೈಲು ಇಡುವ ದಿನ ಬಂದೇ ಬಂತು. ಚುಕ್ಕಿ ಎಂದಿನಂತೆ ಮೂಲೆಯ ಮೇಜಿನ ಮುಂದೆ ತಲೆ ತಗ್ಗಿಸಿ ಕೂತಿದ್ದಳು.

ಪೀಪೀಪೀ...!

ಬೀದಿಯಿಂದ ಸೀಟಿಯ ಸದ್ದು! ಎಲ್ಲರೂ ಕಿಟಕಿಗೆ ಮುತ್ತಿದರು. ಹಳೇ ಸಮವಸ್ತ್ರದ ಕೋಟು ತೊಟ್ಟು, ಗಾರ್ಡ್ ಮಾವ ಪಾರ್ಲರಿನ ಮೆಟ್ಟಿಲ ಕೆಳಗೆ ನೆಟ್ಟಗೆ ನಿಂತಿದ್ದರು. ಕೈಯಲ್ಲಿ ಹಸಿರು ಬಾವುಟ.

"ಒಳಗೆ ಬನ್ನಿ ಯಜಮಾನರೇ!" ಪಾರ್ಲರ್ ಅಕ್ಕ ಕೂಗಿದಳು.

"ಗಂಡಸರಿಗೆ ಪ್ರವೇಶವಿಲ್ಲ ಅಂತಿದೆ. ನಾನು ನಿಯಮ ಮೀರೋನಲ್ಲ! ಆ ಎಡಚಿ ಹುಡುಗೀನ ಹೊರಗೆ ಕಳಿಸಿ. ರೈಲು ಹೊರಡಬೇಕು. ಒಬ್ಬ ಪ್ರಯಾಣಿಕಳು ಬಂದಿಲ್ಲ!"

"ನಾನು ಬರಲ್ಲ ಮಾವ!" ಚುಕ್ಕಿ ಕಿಟಕಿಯಿಂದಲೇ ಹೇಳಿದಳು.

"ಬರದಿದ್ರೆ ಇಲ್ಲೇ ನಿಂತು ಸಂಜೆವರೆಗೂ ಊದ್ತೀನಿ. ಉಸಿರು ಚೆನ್ನಾಗಿದೆ ನನಗೆ!" ಮತ್ತೆ ಪೀಪೀಪೀ!

"ಹೋಗೇ ತಾಯಿ," ಪಾರ್ಲರ್ ಅಕ್ಕ ಕಿವಿ ಮುಚ್ಚಿಕೊಂಡಳು. "ಏಪ್ರನ್ ತೆಗೆಯೋದೂ ಬೇಡ, ಹೀಗೇ ಹೋಗು!"

* * *

ಕಾಯುವ ಕೋಣೆಯ ನಡುವೆ ಗಾಜಿನ ಪೆಟ್ಟಿಗೆ. ಅದರಲ್ಲಿ ರೈಲು! ಎಂಜಿನ್ನಿನಿಂದ ಗಾರ್ಡಿನ ಡಬ್ಬಿಯವರೆಗೆ ಕೊಂಡಿಗೆ ಕೊಂಡಿ ಸೇರಿ, ಈಗಷ್ಟೇ ಬಂದು ನಿಂತು ಉಸಿರು ಬಿಡುತ್ತಿರುವಂತೆ... ಅವಳ ಅಕ್ಷರಗಳೆಲ್ಲ ಹೊಂಬಣ್ಣದಲ್ಲಿ ಮಾತಾಡುತ್ತಿದ್ದವು.

ಫೋಟೋದವಳು ಓಡಿ ಬಂದಳು. ಜೊತೆಗೊಬ್ಬ ಕನ್ನಡಕದ ಗಂಡಸು. "ಇವರು ನಮ್ಮ ಯಜಮಾನರು. ಚುಕ್ಕಿ, ಮೊದಲು ನನ್ನ ಕ್ಷಮಿಸಿಬಿಡಮ್ಮ. ಅಲ್ಲಿ ರೈಲಿನ ಪಕ್ಕ ನಿಂತಿದ್ದಾನಲ್ಲ, ಅವನೂ ನಾನೂ ಶಾಲೆಯಲ್ಲಿ ಒಂದೇ ಬೆಂಚಿನವರು. ಅವನ ಹಾಲುಹಲ್ಲು ಬಿದ್ದದ್ದು ನನ್ನ ಗುದ್ದಿಗೇ! ಅವತ್ತು ಪಾರ್ಲರಿಗೆ ನಾನು ಬಂದಿದ್ದು ಉಗುರಿಗಲ್ಲ, ನಿನ್ನ ಮೂಗಿಗೆ!"

"ಮೂಗಿಗಾ?"

"ಹೂಂ. ಪಕ್ಕದಿಂದ ಹೇಗಿದೆ ಅಂತ ನೋಡ್ಕೊಂಡು ಬಾ ಅಂತ ಅವನೇ ಕಳಿಸಿದ್ದು. ಬಣ್ಣದ ಗುರುತಿಗೆ ನನ್ನ ಉಗುರು! ಹೋಗು, ನೋಡು."

ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ಅವನು ನಿಂತಿದ್ದ. ಭೂತಗನ್ನಡಿಯನ್ನು ಅವಳ ಎಡಗೈಗಿಟ್ಟು, ಮೊದಲನೇ ದರ್ಜೆಯ ಡಬ್ಬಿಯನ್ನು ತೋರಿಸಿದ.

ಕಿಟಕಿಯೊಳಗೆ ಒಬ್ಬಳು ಕೂತಿದ್ದಳು.

ಹಲ್ಲಿನ ಮೇಣದಲ್ಲಿ ಕೆತ್ತಿದ, ಅಕ್ಕಿಕಾಳಿನಷ್ಟೇ ಎತ್ತರದ ಹುಡುಗಿ. ಎಡ ಹೆಗಲ ಮೇಲೆ ಜಡೆ. ಕಿಟಕಿಗೆ ಆನಿಸಿದ ಎಡಗೈ. ಹವಳದ ಬಣ್ಣದ ಏಪ್ರನ್...

ಭೂತಗನ್ನಡಿ ಮಸುಕಾಯಿತು. ಅವಳು ಕಣ್ಣೊರೆಸಿಕೊಂಡಳು. ಎಷ್ಟೋ ದಿನಗಳಿಂದ ಎದೆಯಲ್ಲಿ ಉರಿಯುತ್ತಿದ್ದುದು ನಾಚಿಕೆಯಾಗಿ ಕರಗಿತು.

"ಏನಯ್ಯ ಇದು!" ಗಾರ್ಡ್ ಮಾವ ಗದರಿದರು. "ಆ ವರ್ಷ ಈ ಹುಡುಗಿ ಹುಟ್ಟೇ ಇರಲಿಲ್ಲ!"

ಜೀವನದಲ್ಲಿ ಮೊದಲ ಬಾರಿಗೆ ಅವನು ಮಾವನ ಮಾತಿಗೆ ಮರುಮಾತಾಡಿದ. "ಗೊತ್ತು ಮಾವ. ತಪ್ಪು ಅಂತ ಗೊತ್ತು. ಇದೊಂದು ತಪ್ಪು ಇರಲಿ... ತೆಗೆಯಲ್ಲ."

ಮಾವ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿ, ಹಸಿರು ಬಾವುಟ ಮಡಚಿ ಕಂಕುಳಿಗಿಟ್ಟು, "ನನಗೇನೂ ಕಾಣಿಸಲಿಲ್ಲಪ್ಪ" ಎಂದು ಹೊರನಡೆದರು. ಫೋಟೋದವಳೂ ಗಂಡನ ತೋಳು ಹಿಡಿದೆಳೆದುಕೊಂಡು ಹಿಂದೆಯೇ ಹೋದಳು.

"ಯಾಕೆ ಹೇಳಲಿಲ್ಲ?" ಚುಕ್ಕಿ ಪಿಸುಗುಟ್ಟಿದಳು.

"ಬಾಯಲ್ಲಿ ಹೇಳೋಕೆ ಬರಲ್ಲ ನನಗೆ. ಬೇರೆಯವರ ಬಾಯಿ ಸರಿ ಮಾಡೋದೊಂದೇ ಗೊತ್ತು." ಅವನು ಗಾಜಿನ ಮೇಲೆ ಬೆರಳಾಡಿಸಿದ. "ಅವಳನ್ನ 'ನೀನು' ಅನ್ನೋಕೆ ಯೋಚನೆ ಮಾಡಬೇಕಿಲ್ಲ. ನಿಮ್ಮನ್ನ ಹಾಗನ್ನೋಕೆ ಪ್ರತಿ ದಿನ ಬಾಯಿ ತೆಗೀತೀನಿ, ಹೆದರಿ ಮುಚ್ಕೋತೀನಿ. ಒಂದು ಸಲ ಅಂದ್ರೆ ಆಮೇಲೆ ಬಿಟ್ಟಿರೋಕೆ ಆಗಲ್ಲ ಅಂತ."

ಅವಳು ಭೂತಗನ್ನಡಿ ಕೆಳಗಿಳಿಸಿದಳು.

"ಮೊದಲ ದಿನವೇ ಹೇಳಿದ್ದೆ ಚುಕ್ಕಿ, ಈ ರೈಲಿನಲ್ಲಿ ಎರಡನೆಯವರು ಯಾರೂ ಇಲ್ಲ ಅಂತ. ಇರೋಳು ಒಬ್ಬಳೇ... ನೀನು."

ನೀನು!

ಎರಡೇ ಅಕ್ಷರ. ಆದರೆ ಅವಳಿಗೆ ಮುಚ್ಚಿದ್ದ ಬಾಗಿಲೆಲ್ಲ ಒಟ್ಟಿಗೇ ತೆರೆದಂತಾಯಿತು. ಅಳುತ್ತಳುತ್ತಲೇ ನಕ್ಕಳು.

"ಬಣ್ಣ ಹಚ್ಚಿದ್ದು ನೀವೇ ತಾನೇ? ನನ್ನ ಜಡೆ ಮೇಲೆಲ್ಲ ಏಪ್ರನ್ ಬಣ್ಣ ಮೆತ್ತಿದೀರಿ!"

"ಬರೆಯೋ ಕೈ ಸಿಟ್ಟು ಮಾಡ್ಕೊಂಡು ಹೋಗಿತ್ತಲ್ಲ."

ಅವಳು ಮತ್ತೆ ಭೂತಗನ್ನಡಿ ಎತ್ತಿದಳು. ಕೊನೆಯ ಡಬ್ಬಿಯ ಬಾಗಿಲುಗಳ ಮೇಲೆಲ್ಲ ಅವನೇ ಬರೆದ ಸೊಟ್ಟ ಮೂರುಗಳು. ಪೆಟ್ಟಿಗೆಯ ಆಚೆ ಬದಿಗೆ ಬಗ್ಗಿ ನೋಡಿದರೆ, ಅಲ್ಲಿನ ಒಂದು ಬಾಗಿಲ ಮೇಲೆ ಮಾತ್ರ, ಯಾರ ಕಣ್ಣಿಗೂ ಬೀಳದಂತೆ, ಅವಳ ಅಂದವಾದ ಎರಡು ಹಾಗೇ ಉಳಿದಿತ್ತು.

"ಇದನ್ನ ಯಾಕೆ ಅಳಿಸಿಲ್ಲ?"

"ನೀನು ಬರೆದಿದ್ದು. ಹೇಗೆ ಅಳಿಸಲಿ?"

ಅವಳ ನೋಟ ಮತ್ತೆ ಆ ಕಿಟಕಿಗೆ ಬಂತು. "ಇವಳ ಎದುರು ಸೀಟು ಖಾಲಿ ಇದೆಯಲ್ಲ?"

"ಅಲ್ಲಿ ಕೂರಬೇಕಾದವನನ್ನ ಕೆತ್ತೋಕೆ ಧೈರ್ಯ ಬರಲಿಲ್ಲ."

"ಕೆತ್ತು. ಬಣ್ಣ ನಾನು ಹಚ್ತೀನಿ."

ಅವಳ ಬಾಯಿಂದಲೂ 'ನೀನು' ಜಾರಿತ್ತು. ಇಬ್ಬರಿಗೂ ಅದು ಕೇಳಿಸಿತು.

"ಆದರೆ ಆ ವರ್ಷ ನಾನೂ ಹುಟ್ಟಿರಲಿಲ್ಲ. ರೈಲಿನಲ್ಲಿ ಎರಡು ತಪ್ಪಾಗುತ್ತೆ."

ಚುಕ್ಕಿ ತನ್ನ ಎಡಗೈಯನ್ನು ಅವನ ಕೈಯೊಳಗಿಟ್ಟಳು.

"ಎರಡೇ ಇರಲಿ."